ಡೇಟಾ ಏರಿಸುವ ಮುಂಚೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಬ್ಯಾಡಗಿ ಸುತ್ತಲಿನ ಮೆಣಸಿನಕಾಯಿ ಹೊಲಗಳ ಸಮೀಕ್ಷೆ ಮುಗಿಸಿದ್ದೇನೆ. 12 ಎಕ್ಸೆಲ್ ಹಾಳೆ, 640 ಫೋಟೊ ಇವೆ. ಸಂಶೋಧನಾ ಡೇಟಾ ಇಡುವ ಝೆನೊಡೊ ಜಾಲತಾಣಕ್ಕೆ ಹಾಕುವಾಗ ಫೋಟೊಗಳು ಪೂರ್ತಿ ಏರುತ್ತಿಲ್ಲ. ಮೆಟಾಡೇಟಾ (ಡೇಟಾದ ಬಗೆಗಿನ ವಿವರ) ಎಂದರೆ ಶೀರ್ಷಿಕೆ, ಹೆಸರು ಸಾಕಲ್ಲವೇ?
– ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಫೋಟೊಗಳ ತೊಡಕು ಸಣ್ಣದು. ಝೆನೊಡೊದಲ್ಲಿ ಒಂದು ದಾಖಲೆಗೆ 100 ಫೈಲು, ಒಟ್ಟು 50 ಜಿಬಿ ಮಿತಿ. ಫೋಲ್ಡರುಗಳನ್ನು ಅದು ಹಾಗೇ ಉಳಿಸಿಕೊಳ್ಳುವುದಿಲ್ಲ. ಊರಿಗೊಂದು ಜಿಪ್ ಮಾಡಿ ಏರಿಸಿ. ಹಾಳೆಗಳನ್ನು ಮಾತ್ರ ಜಿಪ್‌ನೊಳಗೆ ತುರುಕದೆ, ಬಿಡಿ ಸಿಎಸ್‌ವಿ (ಕಾಲಂಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಟೆಕ್ಸ್ಟ್) ಫೈಲುಗಳಾಗಿ ಇಡಿ.

ಶೀರ್ಷಿಕೆ, ಹೆಸರು, ತಾರೀಖು, 'ಡೇಟಾಸೆಟ್' ಎಂಬ ಬಗೆ ತುಂಬಿದರೆ ಝೆನೊಡೊ ತಕರಾರಿಲ್ಲದೆ ಒಪ್ಪಿಕೊಳ್ಳುತ್ತದೆ. ಹಾಳೆ ತೆರೆದವರಿಗೆ ಅಷ್ಟು ಸಾಲದು. 'ಇಳುವರಿ 8' ಎಂದರೆ ಎಕರೆಗೆ 8 ಕ್ವಿಂಟಲ್ಲೋ, ಇಡೀ ಹೊಲಕ್ಕೋ? ಹಸಿಯೋ, ಒಣಗಿದ್ದೋ? ಖಾಲಿ ಮನೆ ಎಂದರೆ ಬೆಳೆ ಬರಲಿಲ್ಲವೋ, ರೈತರು ಹೇಳಲಿಲ್ಲವೋ? ಬೆಳೆ ಬಾರದಿದ್ದರೆ 0, ಮಾಹಿತಿ ಸಿಗದಿದ್ದರೆ 'ಎನ್ಎ' ಎಂದು ಬರೆಯಿರಿ. 'ರೀಡ್‌ಮಿ' ಎಂಬ ಟೆಕ್ಸ್ಟ್ ಫೈಲಿನಲ್ಲಿ ಪ್ರತಿ ಕಾಲಂಗೆ ಒಂದು ಸಾಲು ಕೊಡಿ: ಹೆಸರು, ಅರ್ಥ, ಅಳತೆಯ ಮಾನ. ಹೊರಗಿನವರು ಹೆಕ್ಟೇರಿನಲ್ಲಿ ಲೆಕ್ಕ ಹಾಕುತ್ತಾರೆ. ಎಕರೆಗೆ 1 ಕ್ವಿಂಟಲ್ ಎಂದರೆ ಹೆಕ್ಟೇರಿಗೆ ಸುಮಾರು 247 ಕೆಜಿ.

ನಮ್ಮ ಕಡೆಯ ಹಾಳೆಗಳಲ್ಲಿ ಹೆಚ್ಚು ಕೆಡುವುದು ಜಮೀನಿನ ಅಳತೆ. 3 ಎಕರೆ 5 ಗುಂಟೆಯನ್ನು ಪಹಣಿಯಂತೆ '3-5' ಎಂದು ಹೊಡೆದರೆ ಎಕ್ಸೆಲ್ ಅದನ್ನು ತಾರೀಖು ಮಾಡಿಬಿಡುತ್ತದೆ. ಆಮೇಲೆ ಫಾರ್ಮ್ಯಾಟ್ ಬದಲಿಸಿದರೆ ಸಿಗುವುದು ಯಾವುದೋ 5 ಅಂಕಿಯ ಸಂಖ್ಯೆ. ಅದಕ್ಕೆ ಹೆದರಿ '3.5' ಎಂದರೆ ಇನ್ನೂ ಕೆಟ್ಟದ್ದು: 40 ಗುಂಟೆಗೆ ಎಕರೆ, ಹಾಗಾಗಿ ನಿಜವಾದ ಅಳತೆ 3.125. 15 ಗುಂಟೆ ಪುಕ್ಕಟೆ ಸೇರಿಕೊಂಡಿತು, ಯಾರಿಗೂ ಅನುಮಾನ ಬರುವುದಿಲ್ಲ. ಎಕರೆಗೊಂದು, ಗುಂಟೆಗೊಂದು ಕಾಲಂ ಮಾಡಿ. ತಾರೀಖನ್ನು 2023-07-05 ರೀತಿಯಲ್ಲೇ ಬರೆಯಿರಿ.

ಜಿಪಿಎಸ್ ಕಾಲಂಗಳು ಅದಲುಬದಲಾಗಿವೆಯೇ ನೋಡಿ. ನಮ್ಮಲ್ಲಿ ಅಕ್ಷಾಂಶ 14–15ರ ಸುತ್ತ, ರೇಖಾಂಶ 75ರ ಸುತ್ತ. ತಿರುವುಮುರುವಾದರೆ ನಿಮ್ಮ ಮೆಣಸಿನ ಹೊಲ ನಾರ್ವೆಯ ಉತ್ತರಕ್ಕೆ, ಸಮುದ್ರದ ನಡುವೆ ಕಾಣಿಸುತ್ತದೆ!

ರೈತರ ಹೆಸರು, ಫೋನ್ ನಂಬರ್ ತೆಗೆದಿರುತ್ತೀರಿ. ಸರ್ವೆ ನಂಬರ್? ಊರು ಮತ್ತು ಸರ್ವೆ ನಂಬರ್ ಇದ್ದರೆ ಸರ್ಕಾರದ 'ಭೂಮಿ' ಜಾಲತಾಣದ ಪಹಣಿಯಲ್ಲಿ ಮಾಲೀಕರ ಹೆಸರು ಸಿಗುತ್ತದೆ. ಅದನ್ನೂ ತೆಗೆಯಿರಿ. ಜಿಪಿಎಸ್‌ನಲ್ಲಿ ದಶಮಾಂಶದ ನಂತರ 4 ಅಂಕಿ ಇದ್ದರೆ ಸುಮಾರು 11 ಮೀಟರ್‌ವರೆಗೆ ಗುರುತು ಹತ್ತುತ್ತದೆ; 2 ಅಂಕಿಗೆ ಇಳಿಸಿದರೆ ಸುಮಾರು 1 ಕಿ.ಮೀ. ಫೋಟೊಗಳ ಒಳಗೂ ಮೊಬೈಲು ಜಿಪಿಎಸ್ ಬರೆದಿರಬಹುದು, ಜಿಪ್ ಮಾಡುವ ಮೊದಲೇ ಅಳಿಸಿ.

ಪ್ರಶ್ನೆ: ಗದಗ ಭಾಗದ ಮಾತಿನ ಧ್ವನಿಮುದ್ರಿಕೆಗಳ ಲಿಪ್ಯಂತರವನ್ನು ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ್ದೆವು. ಟೆಕ್ಸ್ಟ್ ಫೈಲ್ ಮಾಡಿದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆ.
– ಕನ್ನಡ ಅಧ್ಯಾಪಕರು, ಗದಗ

ಉತ್ತರ: ಫೈಲಿನಲ್ಲಿ ಮೊದಲಿನಿಂದಲೂ ಇದ್ದದ್ದು ಅವೇ ಅಕ್ಷರ. ಫಾಂಟು ಅವುಗಳ ಮೇಲೆ ಕನ್ನಡದ ಆಕಾರ ತೊಡಿಸಿತ್ತು, ಟೆಕ್ಸ್ಟ್ ಫೈಲಿಗೆ ಫಾಂಟು ಬರುವುದಿಲ್ಲ. ಯುನಿಕೋಡ್ ಪರಿವರ್ತಕದಲ್ಲಿ ಹಾಕಿ, ಯುಟಿಎಫ್-8ರಲ್ಲಿ (ಯುನಿಕೋಡ್ ಅಕ್ಷರಗಳನ್ನು ಫೈಲಿನಲ್ಲಿ ಬರೆಯುವ ರೀತಿ) ಉಳಿಸಿ. ನಡುವೆ ನಿಜವಾದ ಇಂಗ್ಲಿಷ್ ಪದಗಳಿದ್ದರೆ ಅವೂ ಕನ್ನಡದ ಅಕ್ಷರರಾಶಿಯಾಗುತ್ತವೆ. ಮೊದಲೇ ಗುರುತು ಹಾಕಿಕೊಳ್ಳಿ. 'ಬರ್ತಾನ', 'ಹೋಗ್ಯಾನ'ದಂಥ ಪದಗಳಲ್ಲಿ ಅರ್ಕಾವತ್ತು, ಯವತ್ತು ಸರಿ ಕೂತಿವೆಯೇ ಎಂದು ದನಿ ಕೇಳುತ್ತಲೇ ತಿದ್ದಿ.

ದನಿಯನ್ನು ವೇವ್ ರೂಪದಲ್ಲಿಡಿ. 48 ಕಿಲೊಹರ್ಟ್ಸ್, 24 ಬಿಟ್, ಮೊನೊ ಆದರೆ ಗಂಟೆಗೆ ಸುಮಾರು 520 ಎಂಬಿ. ಎಂಪಿ3ಯಲ್ಲೇ ಮುದ್ರಿಸಿದ್ದರೆ ಹಾಗೇ ಹಾಕಿ, ವೇವ್ ಮಾಡಿದರೆ ಗಾತ್ರ ಹಿಗ್ಗುತ್ತದೆಯೇ ಹೊರತು ಎಂಪಿ3 ಕುಗ್ಗಿಸುವಾಗ ಕಳೆದ ದನಿ ಮರಳುವುದಿಲ್ಲ.

ಪ್ರಶ್ನೆ: ಝೆನೊಡೊದಲ್ಲಿ ಪ್ರಕಟಿಸಿ ಡಿಒಐ (ದಾಖಲೆಯ ಶಾಶ್ವತ ಗುರುತು) ಬಂದ ಮೇಲೆ ಒಂದು ಹಾಳೆಯಲ್ಲಿ ತಪ್ಪು ಸಿಕ್ಕಿದೆ. ಅಳಿಸಬಹುದೇ?
– ಓದುಗರು, ಹುಬ್ಬಳ್ಳಿ

ಉತ್ತರ: ಅಳಿಸುವ ದಾರಿ ಹಿಡಿಯಬೇಡಿ. ವಿವರಣೆಯಲ್ಲಿನ ತಪ್ಪಾದರೆ ಅದೇ ದಾಖಲೆಯಲ್ಲಿ ತಿದ್ದಬಹುದು. ಫೈಲು ಬದಲಿಸಲು 'ನ್ಯೂ ವರ್ಷನ್' ಒತ್ತಿ. ಹಳೆಯದು ಉಳಿಯುತ್ತದೆ, ಹೊಸದಕ್ಕೆ ಬೇರೆ ಡಿಒಐ ಬರುತ್ತದೆ. ಎಲ್ಲ ಆವೃತ್ತಿಗಳಿಗೂ ಸೇರಿ ಇನ್ನೊಂದು ಡಿಒಐ ಇರುತ್ತದೆ. ಪ್ರಬಂಧದಲ್ಲಿ ನೀವು ನಿಜಕ್ಕೂ ಬಳಸಿದ ಆವೃತ್ತಿಯದನ್ನೇ ಕೊಡಿ.