ಪ್ರತಿಕ್ರಿಯೆ: ಗಿಂಕೊಗಿಂತ ಮೊದಲು ವಿಟಮಿನ್ ಬಿ12 ನೋಡಿಸಿ

ಅಮ್ಮನಿಗೆ ಮರೆಗುಳಿ ಕಾಯಿಲೆಯ ಆರಂಭದ ಹಂತ, ಗಿಂಕೊ (ಒಂದು ಮರದ ಎಲೆಯ ಸಾರ) ಮತ್ತು ಒಮೆಗಾ-3 (ಮೀನೆಣ್ಣೆಯಲ್ಲಿರುವ ಕೊಬ್ಬಿನಂಶ) ಶುರು ಮಾಡಬಹುದೇ ಎಂದು ಕೇಳಿದ್ದೀರಿ. ಜೊತೆಗೆ, ಅವರು ವರ್ಷಗಳಿಂದ ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ಮತ್ತು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ ಎಂದೂ ಬರೆದಿದ್ದೀರಿ. ನನ್ನನ್ನು ತಡೆದು ನಿಲ್ಲಿಸಿದ್ದು ಆ ಕೊನೆಯ ಸಾಲೇ.

ಗಿಂಕೊ ದಯವಿಟ್ಟು ಬೇಡ. ರಕ್ತ ತೆಳುವಾಗಿಸುವ ಔಷಧಿಯ ಜೊತೆ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚಬಹುದು. ಲಾಭವಾದರೂ ಇದೆಯೇ? 3,000ಕ್ಕೂ ಹೆಚ್ಚು ಹಿರಿಯರ ಮೇಲೆ ವರ್ಷಗಟ್ಟಲೆ ನಡೆದ ಅಧ್ಯಯನದ ಫಲಿತಾಂಶ 2008ರಲ್ಲಿ ಬಂತು. ದಿನಕ್ಕೆರಡು ಬಾರಿ 120 ಮಿಲಿಗ್ರಾಂ ಕೊಟ್ಟರೂ ಕಾಯಿಲೆ ಬರುವುದನ್ನು ಅದು ತಡೆಯಲಿಲ್ಲ. ಒಮೆಗಾ-3ರ ಒಂದು ಬಗೆಯಾದ ಡಿಎಚ್‌ಎಯನ್ನು 18 ತಿಂಗಳು ಕೊಟ್ಟು ನೋಡಿದಾಗಲೂ ಅಲ್ಝೈಮರ್ (ಮರೆಗುಳಿ ಕಾಯಿಲೆಯ ಸಾಮಾನ್ಯ ರೂಪ) ನಿಧಾನವಾಗಲಿಲ್ಲ. ವಿಟಮಿನ್ ಇ ಬಗ್ಗೆ 2014ರ ಅಧ್ಯಯನವೊಂದು ಸ್ವಲ್ಪ ಆಸೆ ಹುಟ್ಟಿಸಿತ್ತು, ನಿಜ. ಆದರೆ ನಿಧಾನವಾದದ್ದು ದಿನನಿತ್ಯದ ಕೆಲಸ ಮಾಡಿಕೊಳ್ಳುವ ಶಕ್ತಿ ಕುಂದುವ ವೇಗ. ನೆನಪಿಗೆ ಲಾಭ ಕಾಣಲಿಲ್ಲ. ಆ ಅಧ್ಯಯನದಲ್ಲಿ ಕೊಟ್ಟಷ್ಟು ದೊಡ್ಡ ಪ್ರಮಾಣವೂ ರಕ್ತಸ್ರಾವ ಹೆಚ್ಚಿಸಬಹುದು.

ಬಿ12 ಮಾತ್ರ ಬೇರೆ ವಿಷಯ. ಮೆಟ್‌ಫಾರ್ಮಿನ್ ದೀರ್ಘಕಾಲ ತೆಗೆದುಕೊಂಡರೆ ಕರುಳು ಬಿ12 ಹೀರಿಕೊಳ್ಳುವುದು ಕಡಿಮೆಯಾಗಬಹುದು. ಆ ಕೊರತೆಯೇ ಮರೆವು, ಗೊಂದಲ, ಪಾದಗಳಲ್ಲಿ ಜೋಮು ತರಬಹುದು. ಇರುವ ಮರೆವನ್ನು ಇನ್ನಷ್ಟು ಹೆಚ್ಚಿಸಬಹುದು. ಒಂದು ರಕ್ತಪರೀಕ್ಷೆ ಸಾಕು, ಜೊತೆಗೆ ಥೈರಾಯ್ಡ್ ಕೂಡ ನೋಡಿಸಿ. ಕಡಿಮೆ ಇದ್ದರೆ ಮಾತ್ರೆಯೋ ಇಂಜೆಕ್ಷನ್ನೋ ವೈದ್ಯರು ಕೊಡುತ್ತಾರೆ. ಹಾಗೆಂದು ಮೆಟ್‌ಫಾರ್ಮಿನ್ ಅನ್ನು ನೀವಾಗಿಯೇ ನಿಲ್ಲಿಸಬೇಡಿ.

ಮುಂದಿನ ಭೇಟಿಗೆ ಹೋಗುವಾಗ ಅಮ್ಮ ನುಂಗುವ ಎಲ್ಲವನ್ನೂ, ಯಾರೋ ಪ್ರೀತಿಯಿಂದ ತಂದುಕೊಟ್ಟ ಪುಡಿಯನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ.