ತಪ್ಪುಗಳನ್ನು ಎಣಿಸಿದ್ದೀರಿ, ತೂಗಿ ನೋಡಿಲ್ಲ

ನಮಸ್ಕಾರ.

ನೀವು ಕಳುಹಿಸಿದ ‘ಬೆಳ್ಳಿತೆರೆಯ ಸುಳ್ಳು ಫುಟ್‌ಬಾಲ್’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಆದರೆ ವಿಷಾದದ ಎರಡು ಸಾಲು ಬರೆದು ಕೈತೊಳೆದುಕೊಳ್ಳಲು ಮನಸ್ಸು ಒಪ್ಪಲಿಲ್ಲ. ಹಳೆಯ ಪಂದ್ಯಗಳ ಬಗ್ಗೆ ಇಷ್ಟು ಆಸೆಯಿಂದ ಕನ್ನಡದಲ್ಲಿ ಬರೆಯುವವರು ಕಡಿಮೆ. ಆದ್ದರಿಂದ ಅನಿಸಿದ್ದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಫುಟ್‌ಬಾಲ್ ಇತಿಹಾಸವನ್ನು ಸಿನಿಮಾಗಳು ತಪ್ಪಾಗಿ ತೋರಿಸಿದ್ದನ್ನು ಪಟ್ಟಿ ಮಾಡುವ ನಿಮ್ಮ ಲೇಖನದಲ್ಲಿ ಒಂಬತ್ತು ಸಿನಿಮಾಗಳಿವೆ, ಅವುಗಳ ನಲವತ್ತೊಂದು ತಪ್ಪುಗಳಿವೆ, ಎಲ್ಲಕ್ಕೂ ಒಂದೇ ಏಟು. ಅಂಗಿಯ ಬಣ್ಣ ತಪ್ಪಾದರೂ ‘ಇತಿಹಾಸಕ್ಕೆ ಎಸಗಿದ ಅಪಚಾರ’, ಸತ್ತವರ ನಂಬಿಕೆಯನ್ನೇ ತಿರುಚಿದರೂ ‘ಇತಿಹಾಸಕ್ಕೆ ಎಸಗಿದ ಅಪಚಾರ’. ಐದನೆಯ ಪುಟ ಮುಟ್ಟುವ ಹೊತ್ತಿಗೆ ಆ ಮಾತಿಗೆ ಅರ್ಥವೇ ಉಳಿದಿರಲಿಲ್ಲ. ಎರಡು ಗಂಟೆಯ ಸಿನಿಮಾದಲ್ಲಿ ತೊಂಬತ್ತು ನಿಮಿಷದ ಪಂದ್ಯವನ್ನು ಹತ್ತು ನಿಮಿಷಕ್ಕೆ ಇಳಿಸಲೇಬೇಕು. ಅದನ್ನೂ ತಪ್ಪುಗಳ ಪಟ್ಟಿಗೆ ಸೇರಿಸಿದ್ದು ಸರಿಯಲ್ಲ.

‘ದ ಡ್ಯಾಮ್ಡ್ ಯುನೈಟೆಡ್’ ಕುರಿತು ಬರೆದಿರುವುದನ್ನೇ ನೋಡಿ. 1974ರಲ್ಲಿ ತರಬೇತುದಾರ ಬ್ರಯಾನ್ ಕ್ಲಫ್ ಇಂಗ್ಲೆಂಡ್‌ನ ಲೀಡ್ಸ್ ತಂಡದ ಹೊಣೆ ಹೊತ್ತು 44 ದಿನಗಳಲ್ಲಿ ಹೊರಬಿದ್ದ ಕಥೆ ಅದು. ಕ್ಲಫ್ ಇನ್ನೂ ಡರ್ಬಿ ತಂಡದ ತರಬೇತುದಾರರಾಗಿದ್ದಾಗ, 1968ರ ಎಫ್‌ಎ ಕಪ್ ಪಂದ್ಯಾವಳಿಯಲ್ಲಿ ಡರ್ಬಿ ಮತ್ತು ಲೀಡ್ಸ್ ಆಡಿದ್ದು ಲೀಡ್ಸ್‌ನ ಎಲ್ಲಂಡ್ ರೋಡ್ ಮೈದಾನದಲ್ಲಿ, ಸಿನಿಮಾ ಅದನ್ನು ಡರ್ಬಿಗೆ ಸಾಗಿಸಿದೆ ಎಂದು ಸರಿಯಾಗಿಯೇ ಹಿಡಿದಿದ್ದೀರಿ. ಆದರೆ ‘ಜಾಗ ತಪ್ಪು’ ಎಂದು ಬರೆದು ಮುಂದಕ್ಕೆ ಹೋಗಿಬಿಟ್ಟಿದ್ದೀರಿ. ಏಕೆ ಸಾಗಿಸಿದರು ಎಂದು ಕೇಳಬೇಕಿತ್ತು. ತೆರೆಯ ಮೇಲೆ ಕ್ಲಫ್ ಅತಿಥಿಗಳಿಗಾಗಿ ಎಲ್ಲವನ್ನೂ ಅಣಿಗೊಳಿಸಿ ಕಾಯುತ್ತಾರೆ, ಲೀಡ್ಸ್‌ನ ಅಂದಿನ ತರಬೇತುದಾರ ಡಾನ್ ರೆವಿ ಅವರತ್ತ ತಿರುಗಿಯೂ ನೋಡದೆ ಹೋಗುತ್ತಾರೆ. ಕಥೆಯ ಇಡೀ ಹಗೆತನ ಮೊಳೆಯುವುದು ಆ ಅವಮಾನದಲ್ಲಿ. ಅಂದರೆ ಕ್ಲಫ್ ಅಂದು ಆತಿಥೇಯರಾಗಿರಲೇಬೇಕಿತ್ತು, ಅದಕ್ಕಾಗಿ ಮೈದಾನವೇ ಬದಲಾಯಿತು. ನೀವು ಹಿಡಿದ ತಪ್ಪು ನೀವಂದುಕೊಂಡದ್ದಕ್ಕಿಂತ ಬಹಳ ದೊಡ್ಡದು. ಇದೇ ಕಥೆಯ ಮೂಲ ಕಾದಂಬರಿಯಲ್ಲಿ ತನ್ನನ್ನು ಚಿತ್ರಿಸಿದ ಬಗೆಯನ್ನು ಒಪ್ಪದೆ, ಆ ಲೀಡ್ಸ್ ತಂಡದ ಜಾನಿ ಗೈಲ್ಸ್ ಪ್ರಕಾಶಕರ ವಿರುದ್ಧ ಕಾನೂನಿನ ಮೊರೆ ಹೋಗಿದ್ದರು. ಬದುಕಿದ್ದರು, ಹೋಗಲು ಸಾಧ್ಯವಾಯಿತು. ಅದಕ್ಕೆ ನೀವು ಕೊಟ್ಟದ್ದು ಅರ್ಧ ಸಾಲು.

ಬದುಕಿಲ್ಲದವರ ಗತಿ? ನನ್ನನ್ನು ನಿಜವಾಗಿ ಕಾಡುವುದು ಅದೇ. ನಿಮ್ಮ ಪಟ್ಟಿಯ ಮೂವತ್ತೆರಡನೆಯ ತಪ್ಪು ಜೋ ಗೇಟ್ಜೆನ್ಸ್ ಅವರದು. 1950ರ ಜೂನ್ 29ರಂದು ಬ್ರೆಜಿಲ್‌ನ ಬೆಲೊ ಹೊರಿಜೊಂಟೆಯಲ್ಲಿ ನಡೆದ ವಿಶ್ವಕಪ್ ಪಂದ್ಯದಲ್ಲಿ ಅಮೆರಿಕ 1-0ರಿಂದ ಇಂಗ್ಲೆಂಡನ್ನು ಸೋಲಿಸಿತು. ಆ ಒಂದು ಗೋಲು ಗೇಟ್ಜೆನ್ಸ್ ತಲೆಯಿಂದ ಹೊಡೆದದ್ದು. ಹೈಟಿಯಿಂದ ನ್ಯೂಯಾರ್ಕ್‌ಗೆ ಲೆಕ್ಕಶಾಸ್ತ್ರ ಓದಲು ಬಂದು, ಖರ್ಚಿಗಾಗಿ ಹೋಟೆಲೊಂದರಲ್ಲಿ ಪಾತ್ರೆ ತೊಳೆಯುತ್ತಿದ್ದ ಯುವಕ. ಆ ಪಂದ್ಯದ ಮೇಲೆ 2005ರಲ್ಲಿ ಬಂದ ‘ದ ಗೇಮ್ ಆಫ್ ದೇರ್ ಲೈವ್ಸ್’ ಸಿನಿಮಾ ಅವರನ್ನು ಹೈಟಿಯ ಜನಪದ ಧರ್ಮವಾದ ವೂಡೂವಿನ ಆಚರಣೆ ಮಾಡುವವರಂತೆ ತೋರಿಸಿತು. ಅವರು ಕ್ಯಾಥೊಲಿಕ್ ಕುಟುಂಬದವರು. ಹೈಟಿಯವರೆಂದರೆ ವೂಡೂ ಇರಲೇಬೇಕು ಎಂಬ ಸೋಮಾರಿ ಊಹೆಯ ಹೊರತು ಅದಕ್ಕೆ ಬೇರೆ ಆಧಾರ ನನಗೆ ಕಾಣುವುದಿಲ್ಲ. ಅದೇ ಸಿನಿಮಾ ಇಂಗ್ಲೆಂಡ್‌ನ ನಾಯಕತ್ವವನ್ನು ಬಿಲ್ಲಿ ರೈಟ್ ಬದಲು ಸ್ಟ್ಯಾನ್ ಮಾರ್ಟೆನ್ಸನ್‌ಗೆ ಕೊಟ್ಟಿದೆ ಎಂಬುದನ್ನೂ ನೀವು ಗುರುತಿಸಿದ್ದೀರಿ, ಎರಡನ್ನೂ ಅಕ್ಕಪಕ್ಕದಲ್ಲಿ ಒಂದೇ ದನಿಯಲ್ಲಿ ಬರೆದಿದ್ದೀರಿ. ರೈಟ್ ಅವರಿಗೆ ಅದರಿಂದ ಏನೂ ಕುಂದಿಲ್ಲ, ದಾಖಲೆಗಳ ತುಂಬ ಅವರ ಹೆಸರಿದೆ. ಗೇಟ್ಜೆನ್ಸ್ ಊರಿಗೆ ಮರಳಿ ಬಟ್ಟೆ ಶುಚಿ ಮಾಡುವ ಅಂಗಡಿ ಇಟ್ಟುಕೊಂಡಿದ್ದರು. ಅವರ ಕುಟುಂಬದವರು ಹೈಟಿಯ ಸರ್ವಾಧಿಕಾರಿ ದುವಾಲಿಯೆ ಆಡಳಿತದ ವಿರೋಧಿಗಳು. 1964ರ ಜುಲೈನಲ್ಲಿ ಅವರನ್ನು ಹಿಡಿದುಕೊಂಡು ಹೋದರು. ಮತ್ತೆ ಯಾರೂ ಅವರನ್ನು ಕಾಣಲಿಲ್ಲ, ದೇಹವೂ ಸಿಗಲಿಲ್ಲ. ಅಂಥವರ ಪಾಲಿಗೆ ಲೋಕದಲ್ಲಿ ಉಳಿದದ್ದು ಒಂದು ಗೋಲು, ಒಂದು ಮುಖ. ಆ ಮುಖಕ್ಕೇ ಮಸಿ ಬಳಿದರೆ ಅಳಿಸುವವರು ಯಾರು? ನಿಮ್ಮ ಲೇಖನ ಶುರುವಾಗಬೇಕಾದದ್ದು ಇಲ್ಲಿಂದ.

ತಪ್ಪಿನ ತೂಕ ಅದರ ಗಾತ್ರದಿಂದ ತಿಳಿಯುವುದಿಲ್ಲ ಎನ್ನಲು ಇನ್ನೊಂದು ಉದಾಹರಣೆ ನಿಮ್ಮಲ್ಲೇ ಇದೆ. 1958ರ ಮ್ಯೂನಿಕ್ ವಿಮಾನ ದುರಂತದ ಕಥೆಯಾದ ‘ಯುನೈಟೆಡ್’ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ತರಬೇತುದಾರ ಮ್ಯಾಟ್ ಬಸ್ಬಿ ಸದಾ ಕೋಟು, ಹ್ಯಾಟಿನಲ್ಲೇ ಇರುತ್ತಾರೆ. ‘ಉಡುಪಿನ ಸಣ್ಣ ದೋಷ’ ಎಂದಿದ್ದೀರಿ. ಬಸ್ಬಿಯವರ ಮಗನಿಗೆ ಅದು ಸಣ್ಣದೆನಿಸಲಿಲ್ಲ. ಟ್ರ್ಯಾಕ್‌ಸೂಟ್ ತೊಟ್ಟು ಹುಡುಗರ ಜೊತೆ ಅಭ್ಯಾಸದ ಅಂಗಳಕ್ಕೆ ಇಳಿಯುತ್ತಿದ್ದ ತಂದೆ ಒಮ್ಮೆಯೂ ಹಾಗೆ ಕಾಣಿಸಲಿಲ್ಲವೆಂದು ಅವರು ಬಹಿರಂಗವಾಗಿಯೇ ನೊಂದುಕೊಂಡರು. ಅಲ್ಲಿ ಬದಲಾದದ್ದು ಬಟ್ಟೆಯಲ್ಲ, ಒಬ್ಬ ಮನುಷ್ಯ ಕೆಲಸ ಮಾಡುತ್ತಿದ್ದ ರೀತಿ.

ಈಗ ಲೇಖನದ ಅತಿ ದೊಡ್ಡ ದೋಷಕ್ಕೆ ಬರುತ್ತೇನೆ, ಬೇಸರಿಸಬೇಡಿ. 1981ರ ‘ಎಸ್ಕೇಪ್ ಟು ವಿಕ್ಟರಿ’ಯಲ್ಲಿ ಯುದ್ಧಕೈದಿಗಳ ಪಾತ್ರದಲ್ಲಿರುವ ಪೆಲೆ, ಬಾಬಿ ಮೂರ್ ಮೊದಲಾದವರು ಪ್ಯಾರಿಸ್‌ನಲ್ಲಿ ಜರ್ಮನ್ನರ ಜೊತೆ 4-4ರಲ್ಲಿ ಸಮ ಮಾಡಿಕೊಂಡು ಜನಜಂಗುಳಿಯ ನಡುವೆ ಪಾರಾಗುತ್ತಾರೆ. ಆ ಕಥೆಗೆ ಪ್ರೇರಣೆ ಎನ್ನಲಾಗುವುದು ಜರ್ಮನ್ನರ ವಶದಲ್ಲಿದ್ದ ಕೀವ್ ನಗರದ ಒಂದು ಪಂದ್ಯ. ‘ನಿಜದಲ್ಲಿ ಕೀವ್ ಆಟಗಾರರನ್ನು ಪಂದ್ಯ ಮುಗಿದೊಡನೆ, ಆಟದ ಅಂಗಿಯಲ್ಲೇ ಸಾಲಾಗಿ ನಿಲ್ಲಿಸಿ ಗುಂಡಿಕ್ಕಿ ಕೊಂದರು’ ಎಂದು ನೀವು ತಿದ್ದಿದ್ದೀರಿ. ಅದು ಸೋವಿಯತ್ ಕಾಲದಲ್ಲಿ ಹೆಣೆದು ಹರಡಿದ ದಂತಕಥೆ. 1942ರ ಆಗಸ್ಟ್ 9ರಂದು ಬೇಕರಿ ಕಾರ್ಖಾನೆಯ ಕೆಲಸಗಾರರಿದ್ದ ‘ಸ್ಟಾರ್ಟ್’ ತಂಡ ಜರ್ಮನ್ ತಂಡವನ್ನು 5-3ರಿಂದ ಸೋಲಿಸಿದ್ದು ನಿಜ. ಒಂದು ವಾರದ ನಂತರ ಅದೇ ತಂಡ ಇನ್ನೊಂದು ಪಂದ್ಯವಾಡಿ 8-0ರಿಂದ ಗೆದ್ದಿದೆ. ಬಂಧನಗಳು ನಡೆದದ್ದು ಆಮೇಲೆ. ಗೋಲ್‌ಕೀಪರ್ ತ್ರುಸೆವಿಚ್, ಕುಜ್ಮೆಂಕೊ, ಕ್ಲಿಮೆಂಕೊ ಮೂವರನ್ನು ನಾಜಿಗಳ ಸಿರೆಟ್ಸ್ ಸೆರೆ ಶಿಬಿರದಲ್ಲಿ ಕೊಂದದ್ದು 1943ರ ಫೆಬ್ರವರಿಯಲ್ಲಿ. ಕೆಲವರು ಯುದ್ಧ ಮುಗಿದ ಮೇಲೂ ಬದುಕಿದ್ದರು. ಆರು ತಿಂಗಳು ಶಿಬಿರದಲ್ಲಿ ನರಳಿ ಸತ್ತವರನ್ನು ನೀವು ಒಂದೇ ಸಂಜೆಯಲ್ಲಿ, ಕ್ಯಾಮೆರಾಕ್ಕೆ ಒಪ್ಪುವಂತೆ ಸಾಯಿಸಿದ್ದೀರಿ. ಸಿನಿಮಾದವರು ಮಾಡುವುದೂ ಇದನ್ನೇ ಅಲ್ಲವೇ?

ಇನ್ನು ‘ದ ಇಂಗ್ಲಿಷ್ ಗೇಮ್’. ಅದು ಧಾರಾವಾಹಿ, ಆದರೂ ಇರಲಿ. 1883ರ ಎಫ್‌ಎ ಕಪ್ ಫೈನಲ್‌ನಲ್ಲಿ ಆಟಗಾರರ ಮೀಸೆಗಳನ್ನು ಪರೀಕ್ಷಿಸಿದ್ದೀರಿ. ಬದಲಿಗೆ ಓದುಗರನ್ನು ಆ ಮಾರ್ಚ್ 31ರಂದು ಲಂಡನ್ನಿನ ಕೆನ್ನಿಂಗ್ಟನ್ ಓವಲ್ ಮೈದಾನದ ಅಂಚಿನಲ್ಲಿ ನಿಲ್ಲಿಸಿ ನೋಡಿ. ಗೋಲುಕಂಬಗಳ ಹಿಂದೆ ಬಲೆಯಿಲ್ಲ. ಪೆನಾಲ್ಟಿ ಎಂಬುದು ಇನ್ನೂ ಹುಟ್ಟಿಲ್ಲ. ಎರಡೂ ಬಂದದ್ದು 1891ರಲ್ಲಿ. ಮೈದಾನದೊಳಗೆ ಒಂದೊಂದು ತಂಡಕ್ಕೆ ಒಬ್ಬರಂತೆ ಇಬ್ಬರು ಅಂಪೈರ್‌ಗಳು, ಅವರು ಒಪ್ಪದಿದ್ದಾಗ ತೀರ್ಪು ಹೇಳಲು ಹೊರಗೊಬ್ಬ ರೆಫರಿ. ಗೋಲ್‌ಕೀಪರ್ ಗೋಲಿನಿಂದ ಎಷ್ಟೋ ದೂರ ಬಂದು ಚೆಂಡನ್ನು ಕೈಯಲ್ಲಿ ಹಿಡಿಯಬಹುದು. ಅಂಥ ಅಂಗಳದಲ್ಲಿ ಓಲ್ಡ್ ಇಟೋನಿಯನ್ಸ್ ಎಂಬ ಶ್ರೀಮಂತರ ತಂಡವನ್ನು ಹೆಚ್ಚುವರಿ ಸಮಯದಲ್ಲಿ 2-1ರಿಂದ ಸೋಲಿಸಿದ್ದು ಬ್ಲ್ಯಾಕ್‌ಬರ್ನ್ ಒಲಿಂಪಿಕ್. ಅದರಲ್ಲಿ ನೇಯ್ಗೆಯವರಿದ್ದರು, ನಾಯಕ ವಾರ್ಬರ್ಟನ್ ಕೊಳಾಯಿ ಕೆಲಸದವರು, ಗೆಲುವಿನ ಗೋಲು ಹೊಡೆದ ಕಾಸ್ಟ್ಲಿ ಹತ್ತಿ ಗಿರಣಿಯಲ್ಲಿ ನೂಲು ತೆಗೆಯುವವರು. ಧಾರಾವಾಹಿ ಆ ಗೆಲುವನ್ನು ತನ್ನ ಕಥಾನಾಯಕ ಫರ್ಗಸ್ ಸೂಟರ್‌ಗೆ ಕೊಟ್ಟಿದೆ. ಸೂಟರ್ ಆಡುತ್ತಿದ್ದದ್ದು ಅದೇ ಊರಿನ ಬ್ಲ್ಯಾಕ್‌ಬರ್ನ್ ರೋವರ್ಸ್‌ಗೆ, ಅವರು ಕಪ್ ಗೆದ್ದದ್ದು ಮರುವರ್ಷದಿಂದ. ಕಥೆಯಲ್ಲಿ ಆಗ ಬದುಕಿರುವ ಗೆಳೆಯ ಜಿಮ್ಮಿ ಲವ್ 1882ರಲ್ಲೇ ಈಜಿಪ್ಟ್‌ನ ಇಸ್ಮೈಲಿಯಾದಲ್ಲಿ ಸೈನಿಕನಾಗಿ ತೀರಿಕೊಂಡಿದ್ದರು. ಕಾರ್ಮಿಕರ ಗೆಲುವನ್ನು ಹಾಡಿ ಹೊಗಳುವ ಕಥೆಯೇ ಗೆದ್ದ ಕಾರ್ಮಿಕರ ಹೆಸರನ್ನು ಬಿಟ್ಟಿದೆ. ಇದು ನಿಮ್ಮ ಕಣ್ಣಿಗೆ ಬೀಳಬೇಕಿತ್ತು.

ಚೆನ್ನಾಗಿರುವುದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಹಿಂದಿ ಸಿನಿಮಾ ‘ಮೈದಾನ್’ ಬಗ್ಗೆ ಬರೆದ ಭಾಗದಲ್ಲಿ ನಿಮ್ಮ ಬರವಣಿಗೆ ಉಸಿರಾಡುತ್ತದೆ. 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ತಲೆಗೆ ಹೊಲಿಗೆ ಹಾಕಿಸಿಕೊಂಡಿದ್ದ ರಕ್ಷಣಾ ಆಟಗಾರ ಜರ್ನೈಲ್ ಸಿಂಗ್ ಅವರನ್ನು ಕೋಚ್ ಸೈಯದ್ ಅಬ್ದುಲ್ ರಹೀಮ್ ಮುಂಪಡೆಗೆ ತಂದದ್ದು, ಮೊದಲ ಪಂದ್ಯದಲ್ಲಿ ಭಾರತವನ್ನು 2-0ರಿಂದ ಸೋಲಿಸಿದ್ದ ದಕ್ಷಿಣ ಕೊರಿಯಾವನ್ನೇ ಫೈನಲ್‌ನಲ್ಲಿ 2-1ರಿಂದ ಮಣಿಸಿದ್ದು, ಅದರಲ್ಲಿ ಒಂದು ಗೋಲು ಆ ಹೊಲಿಗೆಯ ತಲೆಯವರದೇ ಆದದ್ದು, ಮರುವರ್ಷ ಜೂನ್‌ನಲ್ಲಿ ರಹೀಮ್ ಕ್ಯಾನ್ಸರ್‌ನಿಂದ ಅಗಲಿದ್ದು: ಇವನ್ನು ನೀವು ಒಂದೂ ವಿಶೇಷಣ ಹಾಕದೆ ಬರೆದಿದ್ದೀರಿ. ನನಗೆ ಗಂಟಲು ಕಟ್ಟಿತು. ಅಲ್ಲಿ ನೀವು ಸಿನಿಮಾವನ್ನು ಬೈಯುವ ಗೋಜಿಗೇ ಹೋಗಿಲ್ಲ ಎಂಬುದನ್ನು ಗಮನಿಸಿ.

ಮುಂದಿನ ಕರಡಿನಲ್ಲಿ ಒಂಬತ್ತರ ಬದಲು ನಾಲ್ಕು ಸಿನಿಮಾಗಳಿರಲಿ. ಪ್ರತಿ ತಪ್ಪಿನ ಮುಂದೆಯೂ ‘ಇದರಿಂದ ಯಾರ ಪಾಲಿನದು ಹೋಯಿತು’ ಎಂದು ಬರೆದುಕೊಳ್ಳಿ; ಉತ್ತರ ಸಿಗದ ತಪ್ಪನ್ನು ಕೈಬಿಡಿ. ಕೀವ್ ಭಾಗವನ್ನು ಪೂರ್ತಿ ಹೊಸದಾಗಿ ಬರೆಯಬೇಕು. ರಹೀಮ್ ಅವರ ಭಾಗವನ್ನು ಮುಟ್ಟಬೇಡಿ. ಎಲ್ಲವೂ ಮುಗಿಯುವವರೆಗೆ ಕಾಯುವುದು ಬೇಡ. ಗೇಟ್ಜೆನ್ಸ್ ಕುರಿತ ಎರಡು ಪುಟ ಸಿದ್ಧವಾದ ದಿನವೇ ನನಗೆ ಕಳುಹಿಸಿ.