ಹನ್ನೆರಡು ಓದುಗಳ ಒಂದು ಅಕ್ಷರ: ಜಪಾನಿಗೆ ಬರಲಿರುವ ತಂಗಿಗೆ

ನಿಮ್ಮ ಪತ್ರ ತಲುಪಿತು. ಯಜಮಾನರ ಕೆಲಸದ ನಿಮಿತ್ತ ಬರುವ ಏಪ್ರಿಲ್‌ನಲ್ಲಿ ಏಳು ತಿಂಗಳ ಕೂಸಿನೊಂದಿಗೆ ಹಾಸನದಿಂದ ಕವಾಸಾಕಿಗೆ ಬರಲಿದ್ದೀರೆಂದೂ, ಹಿರಾಗಾನಾ ಮತ್ತು ಕತಾಕಾನಾ ಎಂಬ ಉಚ್ಚಾರದ ಲಿಪಿಗಳೆರಡನ್ನೂ ಮುಗಿಸಿ, ಚೀನಾದಿಂದ ಬಂದ ಅರ್ಥಸೂಚಕ ಅಕ್ಷರಗಳಾದ ಕಾಂಜಿಗೆ ಕೈ ಹಾಕಿದ್ದೀರೆಂದೂ ಓದಿ ಬಹಳ ಸಂತೋಷವಾಯಿತು. ಮನೆ, ಊಟ, ಮಗುವಿನ ಆರೈಕೆ ಎಲ್ಲವನ್ನೂ ವಿಚಾರಿಸಿದ್ದೀರಿ. ಆದರೆ ಕಡೆಯಲ್ಲಿ ಬರೆದ ಪ್ರಶ್ನೆಯೇ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿತು: "ಹುಟ್ಟು, ಬದುಕು ಎಂಬ ಅರ್ಥದ ‘生’ ಎಂಬ ಒಂದೇ ಅಕ್ಷರಕ್ಕೆ ಪುಸ್ತಕದಲ್ಲಿ ಹನ್ನೆರಡು ಓದುಗಳನ್ನು, ಅಂದರೆ ಉಚ್ಚಾರಗಳನ್ನು, ಕೊಟ್ಟಿದ್ದಾರೆ ಅಕ್ಕ. ಇದನ್ನೆಲ್ಲ ಬಾಯಿಪಾಠ ಮಾಡಬೇಕೇ, ಇಲ್ಲವೇ ಫೋನಿನ ಕ್ಯಾಮೆರಾ ಹಿಡಿದರೆ ಸಾಕೇ?"

ಮೊದಲು ಉಳಿದವುಗಳನ್ನು ಮುಗಿಸಿಬಿಡುತ್ತೇನೆ. ಮನೆ, ಠೇವಣಿಗಳ ವಿಷಯವನ್ನು ನಿಮ್ಮ ಯಜಮಾನರ ಕಂಪನಿಯವರೇ ನೋಡಿಕೊಳ್ಳುತ್ತಾರೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಬೇಳೆಕಾಳು, ಅಕ್ಕಿಹಿಟ್ಟು, ಸಾಸಿವೆ, ಜೀರಿಗೆ ಇಲ್ಲಿನ ಭಾರತೀಯ ಅಂಗಡಿಗಳಲ್ಲಿ ಸಿಗುತ್ತವೆ. ಮನೆಯಲ್ಲಿ ಹುರಿದು ಕುಟ್ಟಿದ ಸಾರಿನ ಪುಡಿಯನ್ನು ಮಾತ್ರ ತನ್ನಿ. ಚಳಿಯ ಬಗ್ಗೆ ಕೇಳಿದ್ದೀರಿ, ಏಪ್ರಿಲ್‌ನಲ್ಲಿ ಒಂದು ಸ್ವೆಟರ್ ಸಾಕು.

ಇನ್ನು ಅಕ್ಷರದ ಮಾತು. ನಾವು ಬಂದ ಕಾಲದಲ್ಲಿ ಫೋನು ಅಕ್ಷರ ನೋಡಿ ಅರ್ಥ ಹೇಳುತ್ತಿರಲಿಲ್ಲ. ವಿಳಾಸ ನೋಂದಾಯಿಸಲು ವಾರ್ಡ್ ಕಚೇರಿಗೆ ಹೋದಾಗ ಅಲ್ಲಿದ್ದ ಹಿರಿಯ ಗುಮಾಸ್ತೆ ಅರ್ಜಿಯ ಒಂದು ಚೌಕದ ಮೇಲೆ ಬೆರಳಿಟ್ಟು ತಾಳ್ಮೆಯಿಂದ ಕಾದರು. ಅದು ‘ಸೇನೆನ್‌ಗಪ್ಪಿ’, ಅಂದರೆ ಹುಟ್ಟಿದ ವರ್ಷ, ತಿಂಗಳು, ದಿನಾಂಕ. ಆ ಪದದ ಮೊದಲ ಅಕ್ಷರವೇ ನೀವು ಕೇಳಿದ್ದು. ಈ ದೇಶದಲ್ಲಿ ನಾನು ಗುರುತು ಹಿಡಿದ ಮೊದಲ ಕಾಂಜಿಯೂ ಅದೇ. ಆಸ್ಪತ್ರೆ, ಬ್ಯಾಂಕು, ಶಾಲೆ, ಎಲ್ಲಿ ಅರ್ಜಿ ತುಂಬಿದರೂ ಅದು ಎದುರಾಗುತ್ತದೆ. ಕೆಲವು ಅರ್ಜಿಗಳಲ್ಲಿ ಆ ಚೌಕದ ಪಕ್ಕದಲ್ಲಿ ಶೋವಾ, ಹೇಸೇ, ರೇವಾ ಎಂದು ಚಕ್ರವರ್ತಿಗಳ ಯುಗದ ಹೆಸರುಗಳು ಇರುತ್ತವೆ. ರೇವಾ ಯುಗ ಆರಂಭವಾದದ್ದು 2019ರಲ್ಲಿ ಎಂಬುದನ್ನು ನೆನಪಿಡಿ.

ಮೊಳಕೆಯೊಂದು ನೆಲವನ್ನು ಸೀಳಿ ಮೇಲೆದ್ದ ಚಿತ್ರವೇ ಕಾಲಕ್ರಮದಲ್ಲಿ ಈ ಅಕ್ಷರವಾಯಿತು. ಒಟ್ಟು ಐದು ಗೆರೆಗಳು: ಎಡಗಡೆಯ ಸಣ್ಣ ಓರೆ ಗೆರೆ ಮೊದಲು, ನೆಲದಂತೆ ಅಡಿಯಲ್ಲಿ ಮಲಗಿದ ಉದ್ದನೆಯ ಗೆರೆ ಕಡೆಗೆ. ಇಲ್ಲಿನ ಮಕ್ಕಳು ಒಂದನೆಯ ತರಗತಿಯಲ್ಲಿ ಕಲಿಯುವ 80 ಕಾಂಜಿಗಳಲ್ಲಿ ಇದೂ ಒಂದು. ಪ್ರಾಥಮಿಕ ಶಾಲೆಯ ಆರು ವರ್ಷಗಳಲ್ಲಿ 1,026, ಸರ್ಕಾರ 2010ರಲ್ಲಿ ಪರಿಷ್ಕರಿಸಿದ ನಿತ್ಯಬಳಕೆಯ ಪಟ್ಟಿಯಲ್ಲಿ 2,136 ಅಕ್ಷರಗಳು ಎಂದು ಕೇಳಿದರೆ ಎದೆ ಝಲ್ಲೆನ್ನುತ್ತದೆ, ನಿಜ. ಬರೆದಂತೆ ಓದುವುದು, ಓದಿದಂತೆ ಬರೆಯುವುದು ನಮ್ಮ ಲಿಪಿಯ ಗುಣ. ಅದರಲ್ಲಿ ಬೆಳೆದವರಿಗೆ ಒಂದು ಅಕ್ಷರಕ್ಕೆ ಹನ್ನೆರಡು ಉಚ್ಚಾರ ಎಂಬುದೇ ಅನ್ಯಾಯವೆನಿಸುತ್ತದೆ.

ಆದರೂ ಕನ್ನಡದವರಾದ ನಮಗೆ ಇದರ ಕೀಲಿಕೈ ಹೊಸದೇನಲ್ಲ. ನಾವು ನೀರು ಎನ್ನುತ್ತೇವೆ, ಆದರೆ ಜಲಾಶಯ, ಜಲಪಾತ ಎಂದು ಬರೆಯುತ್ತೇವೆ. ಹುಟ್ಟು ಎನ್ನುತ್ತೇವೆ, ಆದರೆ ಜನ್ಮದಿನ, ಜನ್ಮಭೂಮಿ ಎನ್ನುತ್ತೇವೆ. ಒಂಟಿಯಾಗಿ ನಿಂತಾಗ ದೇಶ್ಯ, ಸಮಾಸದಲ್ಲಿ ಬಹುಮಟ್ಟಿಗೆ ತತ್ಸಮ. ಜಪಾನೀಯರು ಇದನ್ನೇ ಒಂದೇ ಅಕ್ಷರದಲ್ಲಿ ಬರೆಯುತ್ತಾರೆ. ನಿಮ್ಮ ಹನ್ನೆರಡು ಓದುಗಳಲ್ಲಿ ‘ಸೇ’ ಮತ್ತು ‘ಶೋ’ ಎಂಬ ಎರಡು ಚೀನಾದಿಂದ ಅಕ್ಷರದೊಡನೆ ಬಂದವು. ಉಳಿದ ಹತ್ತು ಈ ನೆಲದ ಸ್ವಂತ ಮಾತುಗಳು. ಎರಡು ಕಾಂಜಿಗಳು ಅಂಟಿಕೊಂಡಿದ್ದರೆ ಬಹುತೇಕ ಚೀನೀ ಮೂಲದ ಓದನ್ನೇ ಹಿಡಿಯಿರಿ: ಸೆನ್‌ಸೇ ಎಂದರೆ ಗುರು, ಗಾಕುಸೇ ಎಂದರೆ ವಿದ್ಯಾರ್ಥಿ, ಜಿನ್‌ಸೇ ಎಂದರೆ ಬಾಳು, ಇಶ್ಶೋ ಎಂದರೆ ಜೀವಮಾನ. ಅಕ್ಷರದ ಹಿಂದೆ ಹಿರಾಗಾನಾ ಬಾಲವಿದ್ದರೆ ದೇಶೀ ಓದು, ಯಾವ ದೇಶೀ ಓದು ಎಂಬುದನ್ನು ಆ ಬಾಲವೇ ಹೇಳುತ್ತದೆ. ‘ಕಿರು’ ಎಂಬ ಬಾಲವಿದ್ದರೆ ಇಕಿರು, ಬದುಕುವುದು. ‘ಮರೆರು’ ಎಂದಿದ್ದರೆ ಉಮರೆರು, ಹುಟ್ಟುವುದು. ‘ಎರು’ ಎಂದಷ್ಟೇ ಇದ್ದರೆ ಹಾಎರು, ಚಿಗುರುವುದು ಅಥವಾ ಮೊಳೆಯುವುದು. ಪ್ರತ್ಯಯ ನೋಡಿ ವಿಭಕ್ತಿ ತಿಳಿಯುವ ನಮಗೆ ಇದು ಕಷ್ಟವಾಗಬಾರದು.

ಇನ್ನೊಂದು ಸಂತೋಷದ ಸಂಗತಿ ಹೇಳಲೇಬೇಕು. ಹೂ ಜೋಡಿಸುವ ಕಲೆಯಾದ ಇಕೆಬಾನಾದ ‘ಇಕೆ’ ಬರೆಯುವುದೂ ಇದೇ ಅಕ್ಷರದಿಂದ. ಹೂವಿಗೆ ಹಾನಾ ಎನ್ನುವ ಇವರು ಸಮಾಸದಲ್ಲಿ ಬಾನಾ ಎನ್ನುತ್ತಾರೆ. ಒಂಟಿಯಾಗಿ ಹನಿ ಎನ್ನುವ ನಾವು ಕಂಬನಿ ಎನ್ನುವುದಿಲ್ಲವೇ? ಹುಟ್ಟುಹಬ್ಬಕ್ಕೆ ತಾನ್‌ಜೋಬಿ ಎನ್ನುವಲ್ಲಿ ‘ಶೋ’ ಎಂಬುದು ‘ಜೋ’ ಆದದ್ದನ್ನೂ ಗಮನಿಸಿ. ಆದೇಶ ಸಂಧಿಯನ್ನು ಶಾಲೆಯಲ್ಲಿ ಕಲಿತವರಿಗೆ ಇಂಥ ಬದಲಾವಣೆಗಳು ಪರಕೀಯವೆನಿಸುವುದಿಲ್ಲ. ಇವರ ಕಾನಾ, ಅಂದರೆ ಹಿರಾಗಾನಾ ಮತ್ತು ಕತಾಕಾನಾ ಅಕ್ಷರಗಳನ್ನು ಅ, ಇ, ಉ, ಎ, ಒ, ಆಮೇಲೆ ಕ, ಸ, ತ, ನ ಎಂದು ಸಾಲಾಗಿ ಜೋಡಿಸಿರುವುದರ ಹಿಂದೆಯೂ ಬೌದ್ಧ ಭಿಕ್ಷುಗಳ ಮೂಲಕ ಬಂದ ಸಂಸ್ಕೃತ ವರ್ಣಮಾಲೆಯ ಅಭ್ಯಾಸವಿದೆ. ಪರದೇಶದಲ್ಲಿ ಇಂಥದ್ದನ್ನು ಕಂಡಾಗ ಆಗುವ ಹೆಮ್ಮೆ ಊರಿನಲ್ಲಿರುವವರಿಗೆ ಅಷ್ಟಾಗಿ ಅರ್ಥವಾಗಲಾರದು.

ಅಡುಗೆಮನೆಯಲ್ಲಿ ಹೆಚ್ಚು ಬೇಕಾಗುವ ಓದು ‘ನಾಮಾ’, ಅಂದರೆ ಹಸಿ. ಹಸಿ ಎಂಬುದಕ್ಕೂ ಹುಟ್ಟಿಗೂ ಏನು ನಂಟು ಎಂದು ಕೇಳಿದ್ದೀರಿ. ಹಸುಗೂಸು, ಹಸುಳೆ, ಹಸಿ ಬಾಣಂತಿ ಎನ್ನುವ ನಾವು ಆ ಪ್ರಶ್ನೆ ಕೇಳಬೇಕಾಗಿಲ್ಲ ತಂಗಿ. ನಾಮಾತಾಮಾಗೋ ಎಂದರೆ ಹಸಿ ಮೊಟ್ಟೆ, ನಾಮಾಗೋಮಿ ಎಂದರೆ ಅಡುಗೆಮನೆಯ ಹಸಿ ಕಸ. ನಾಮಾ ಎಂದಿದ್ದರೆ ಸಸ್ಯಾಹಾರ ಅಥವಾ ಮಾಂಸಾಹಾರ ಎಂದು ಯಾವುದೂ ಸಿದ್ಧವಾಗುವುದಿಲ್ಲ, ಆದ್ದರಿಂದ ಮಾಂಸ ಮತ್ತು ಮೀನಿನ ಕಾಂಜಿಗಳನ್ನು ಬೇರೆಯಾಗಿ ಕಲಿತುಕೊಳ್ಳಿ. ಮೀನಿನಿಂದ ತೆಗೆದ ದಾಶಿ ಎಂಬ ಸಾರ ನೀವು ಊಹಿಸದ ತಿನಿಸುಗಳಲ್ಲೂ ಇರುತ್ತದೆ. ಅಂಗಡಿಯಲ್ಲಿ ಹಸಿ ಶುಂಠಿಯ ಫಲಕದ ಮೇಲೂ ಈ ಅಕ್ಷರ ಕಾಣುತ್ತದೆ, ಆದರೆ ಅಲ್ಲಿ ಓದು ‘ಶೋಗಾ’. ಹಾಲಿನ ಪೊಟ್ಟಣದ ಮೇಲೆ ‘ಸೇನ್ಯೂ’ 100% ಎಂದಿರುವುದನ್ನು ನೋಡಿ ಕಾಯಿಸದ ಹಾಲೆಂದು ಭಯಪಡಬೇಡಿ. ಅದು ಕೆಚ್ಚಲಿನಿಂದ ಕರೆದ ಹಾಲೊಂದನ್ನೇ ಬಳಸಿದ್ದಾರೆ ಎಂಬ ಸೂಚನೆ. ಕಾಯಿಸಿದ ಉಷ್ಣತೆಯನ್ನು, ಬಹಳ ಸಲ 130 ಡಿಗ್ರಿ ಎಂದು, ಅದೇ ಪೊಟ್ಟಣದ ಮೇಲೆ ಮುದ್ರಿಸಿರುತ್ತಾರೆ. ಮೊಸರಿಗೆ ಹೆಪ್ಪು ಹಾಕಲು ‘ಗ್ಯೂನ್ಯೂ’ ಎಂದು ಬರೆದದ್ದನ್ನೇ ಕೊಳ್ಳಿ. ಬೇರೆ ಬಗೆಯ ಹಾಲಿನ ಪಾನೀಯಗಳು ನೋಡಲು ಅದರಂತೆಯೇ ಇರುತ್ತವೆ, ಮೊಸರು ಮಾತ್ರ ಸರಿಯಾಗಿ ಕೂಡುವುದಿಲ್ಲ.

ಊರಿನ ಹೆಸರುಗಳಲ್ಲಿ ಈ ಅಕ್ಷರ ಯಾವ ನಿಯಮಕ್ಕೂ ಸಿಗುವುದಿಲ್ಲ. ನಿಮ್ಮ ಕವಾಸಾಕಿಯಲ್ಲೇ ಅಸಾಒ ಎಂಬ ವಾರ್ಡ್ ಇದೆ, ಇಕುತಾ ಎಂಬ ರೈಲು ನಿಲ್ದಾಣವಿದೆ. ನಮ್ಮ ಯೋಕೊಹಾಮಾದ ಕಡೆ 1862ರ ಘರ್ಷಣೆಯಿಂದ ಇತಿಹಾಸದಲ್ಲಿ ಉಳಿದ ನಾಮಾಮುಗಿ ಇದೆ. ಎಲ್ಲದರಲ್ಲೂ ಇದೇ ಅಕ್ಷರ. ಇವನ್ನು ಕಲಿಯಲು ಹೋಗಬೇಡಿ. ಜಪಾನೀಯರೇ ಅಪರಿಚಿತ ಊರಿನ ಹೆಸರನ್ನು ಕೇಳಿ ತಿಳಿದುಕೊಳ್ಳುತ್ತಾರೆ.

ಹಾಗಾದರೆ ಫೋನು ಸಾಕೇ? ಫಲಕಕ್ಕೆ ಸಾಕು, ಪೊಟ್ಟಣಕ್ಕೆ ಸಾಕು. ಮನುಷ್ಯರು ನಿಮಗಾಗಿ ಕೈಯಲ್ಲಿ ಬರೆದದ್ದಕ್ಕೆ ಸಾಲದು. ಇದನ್ನು ಹೇಳುವುದಕ್ಕಾಗಿಯೇ ಇಷ್ಟು ದೀರ್ಘವಾಗಿ ಬರೆಯುತ್ತಿದ್ದೇನೆ.

ನನ್ನ ಮಗಳು ಇಲ್ಲೇ ಹುಟ್ಟಿದಳು. ನಾನು ಲೆಕ್ಕಪತ್ರದ ಕೆಲಸವೊಂದಕ್ಕೆ ಸೇರಿದ್ದರಿಂದ ಅವಳನ್ನು ಚಿಕ್ಕಂದಿನಲ್ಲೇ ಹೋಯ್ಕುಎನ್‌ಗೆ, ಅಂದರೆ ಶಿಶುವಿಹಾರಕ್ಕೆ, ಸೇರಿಸಿದೆವು. ಅಲ್ಲಿ ‘ರೆನ್‌ರಾಕುಚೋ’ ಎಂಬ ಸಂಪರ್ಕ ಪುಸ್ತಕವಿರುತ್ತದೆ. ಬೆಳಿಗ್ಗೆ ತಾಯಿ ಮಗುವಿನ ಜ್ವರ, ನಿದ್ದೆ, ಉಂಡದ್ದನ್ನು ಬರೆದು ಕಳುಹಿಸಬೇಕು, ಸಂಜೆ ಅಲ್ಲಿನ ಶಿಕ್ಷಕಿ ಆ ದಿನ ಮಗು ಹೇಗಿತ್ತೆಂದು ಬರೆದು ಕೊಡುತ್ತಾರೆ. ನನ್ನ ಕಚೇರಿಯಲ್ಲಿ ಇಂಗ್ಲಿಷ್ ನಡೆಯುತ್ತಿದ್ದುದರಿಂದ ಜಪಾನೀ ಓದು ಮುಂದಕ್ಕೆ ಸಾಗಿರಲಿಲ್ಲ. ನಾನು ಅಂಕಿಗಳನ್ನು ಮಾತ್ರ ತುಂಬುತ್ತಿದ್ದೆ. ಆ ಶಿಕ್ಷಕಿಯ ಬರಹ ಪುಟದ ತುಂಬ ಇರುತ್ತಿತ್ತು. ರಾತ್ರಿ ತಡವಾಗಿ ಬರುತ್ತಿದ್ದ ನಮ್ಮವರು ಅದರ ಮೇಲೆ ಕಣ್ಣಾಡಿಸಿ, "ಜ್ವರವಿಲ್ಲ, ಚೆನ್ನಾಗಿ ಉಂಡಿದ್ದಾಳೆ" ಎನ್ನುತ್ತಿದ್ದರು. ಅಷ್ಟಕ್ಕೇ ಸಮಾಧಾನಪಟ್ಟು ಮಲಗುತ್ತಿದ್ದೆ.

ಮಗಳು ಶಾಲೆಗೆ ಸೇರಿ, ಅವಳ ಜೊತೆಗೇ ಕುಳಿತು ಒಂದನೆಯ ತರಗತಿಯಿಂದ ನಾನೂ ಕಾಂಜಿ ತಿದ್ದಿದ ಮೇಲೆ, ಒಂದು ರಜೆಯಲ್ಲಿ ಆ ಹಳೆಯ ಪುಸ್ತಕಗಳನ್ನು ತೆಗೆದು ಓದಿದೆ. ಒಂದು ಪುಟದಲ್ಲಿ ‘ಹಾ ಗಾ ಹಾಎತೆ’ ಎಂದಿತ್ತು. ಹಲ್ಲು ಮೊಳೆತಿದೆ ಎಂದು. ‘ಹಾಎರು’ ಎಂಬ ಓದು, ಹುಲ್ಲಿಗೂ ಹಲ್ಲಿಗೂ ಇವರು ಬಳಸುವ ಅದೇ ಮಾತು. ನನ್ನ ಮಗಳ ಮೊದಲ ಹಲ್ಲನ್ನು ನನಗಿಂತ ಮೊದಲು ಕಂಡವರು ಅವರು. ಕಂಡು, ಅದನ್ನು ನನಗೆ ತಿಳಿಸಲು ಆಸೆಯಿಂದ ಬರೆದಿದ್ದರು. ಕೆಳಗೆ ಒಂದು ಪ್ರಶ್ನೆಯೂ ಇತ್ತು: ಮೊದಲ ಹಲ್ಲು ಬಂದಾಗ ನಿಮ್ಮ ದೇಶದಲ್ಲಿ ಏನು ಮಾಡುತ್ತೀರಿ?

ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಆಗಿಬರುವುದಿಲ್ಲವೆಂದು ನಮ್ಮಲ್ಲಿ ಎಷ್ಟು ಗಾಬರಿಪಡುತ್ತಾರೆ ಎಂಬುದು ನಿಮಗೆ ಗೊತ್ತೇ ಇದೆ. ಅದನ್ನು ಎರಡು ಸಾಲು ಬರೆದಿದ್ದರೆ ಅವರು ಎಷ್ಟು ಸಂತೋಷಪಡುತ್ತಿದ್ದರು! ಮುಂದಿನ ಪುಟಗಳಲ್ಲೂ ಅವರು ಅಲ್ಲಲ್ಲಿ ಕೇಳಿದ್ದಾರೆ, ನನ್ನ ಕಡೆಯಿಂದ ಹೋದದ್ದು ಉಷ್ಣತೆಯ ಅಂಕಿ ಮಾತ್ರ. ಬರಬರುತ್ತ ಪ್ರಶ್ನೆಗಳು ನಿಂತಿವೆ, ಬರಹ ಚಿಕ್ಕದಾಗಿದೆ. ನಾನು ಹುಡುಕಿಕೊಂಡು ಹೋಗುವ ವೇಳೆಗೆ ಅವರು ಕೆಲಸ ಬಿಟ್ಟು ಬೇರೆ ಊರಿಗೆ ಹೋಗಿದ್ದರು. ಊರಿನಿಂದ ಇಷ್ಟು ದೂರದಲ್ಲಿ, ಅಮ್ಮನಾಗಲಿ ಅಕ್ಕನಾಗಲಿ ಹತ್ತಿರವಿಲ್ಲದ ವರ್ಷದಲ್ಲಿ, ನನ್ನ ಮಗುವಿನ ಬಗ್ಗೆ ಪ್ರತಿದಿನ ಮಾತನಾಡಲು ಬಯಸಿದವರು ಒಬ್ಬರಿದ್ದರು ಎಂಬುದೇ ನನಗೆ ಆಗ ತಿಳಿಯಲಿಲ್ಲ. ಈ ಕೊರಗು ಈಗಲೂ ಹೋಗಿಲ್ಲ.

ಆದ್ದರಿಂದ ಹನ್ನೆರಡು ಓದುಗಳನ್ನು ಪಟ್ಟಿ ಮಾಡಿ ಉರು ಹೊಡೆಯಬೇಡಿ. ಪದ ಎದುರಾದಂತೆ ಆ ಪದದೊಡನೆ ಒಂದು ಓದನ್ನು ಕಲಿಯಿರಿ. ಒಂದನೆಯ ತರಗತಿಯ ಮಕ್ಕಳ ಕಾಂಜಿ ಅಭ್ಯಾಸ ಪುಸ್ತಕ ಇಲ್ಲಿನ ಯಾವ ಪುಸ್ತಕದಂಗಡಿಯಲ್ಲೂ ಸಿಗುತ್ತದೆ, ದೊಡ್ಡವರಿಗೂ ಅದಕ್ಕಿಂತ ಒಳ್ಳೆಯದಿಲ್ಲ. ನಾಕಾಹಾರಾ ವಾರ್ಡ್‌ನಲ್ಲಿರುವ ಕವಾಸಾಕಿ ಅಂತರರಾಷ್ಟ್ರೀಯ ಕೇಂದ್ರದಲ್ಲಿ ವಿದೇಶೀಯರಿಗೆ ಜಪಾನೀ ತರಗತಿಗಳು ನಡೆಯುತ್ತವೆ, ಬಂದ ಕೂಡಲೇ ವಿಚಾರಿಸಿ. ಮನೆಯೊಳಗೆ ಮಗುವಿನೊಡನೆ ಕನ್ನಡವನ್ನೇ ಆಡಿ. ಜಪಾನೀ ಭಾಷೆಯನ್ನು ಊರೇ ಕಲಿಸುತ್ತದೆ, ಕನ್ನಡವನ್ನು ನೀವಲ್ಲದೆ ಯಾರೂ ಕಲಿಸುವುದಿಲ್ಲ.

ನಿಮಗೆ ಮೊದಲು ಬೇಕಾಗುವ ಪದ ಬಹುಶಃ ‘ಸೇಗೋ’, ಅಂದರೆ ಹುಟ್ಟಿದ ನಂತರ. ಲಸಿಕೆಯ ಸೂಚನೆಗಳಲ್ಲಿ ‘ಸೇಗೋ’ ಎಂದು ಬರೆದು ಮುಂದೆ ತಿಂಗಳ ಅಂಕಿ ಹಾಕಿರುತ್ತಾರೆ. ಇಲ್ಲಿ ಬಿ.ಸಿ.ಜಿ. ಲಸಿಕೆಯನ್ನು ಸಾಮಾನ್ಯವಾಗಿ ಹುಟ್ಟಿದ 5ರಿಂದ 8 ತಿಂಗಳೊಳಗೆ ಹಾಕುತ್ತಾರೆ. ನಮ್ಮಲ್ಲಿ ಹುಟ್ಟಿದಾಗಲೇ ಹಾಕಿಬಿಡುತ್ತಾರೆ. ನಿಮ್ಮ ಕೂಸು ಸರಿಯಾಗಿ ಆ ವಯಸ್ಸಿನಲ್ಲಿ ಬರುತ್ತಿರುವುದರಿಂದ ಊರಿನ ಲಸಿಕೆ ಕಾರ್ಡನ್ನು ದೊಡ್ಡ ಪೆಟ್ಟಿಗೆಯಲ್ಲಿ ಹಾಕದೆ ಕೈಚೀಲದಲ್ಲೇ ಇಟ್ಟುಕೊಳ್ಳಿ. ಮನೆಗೆ ಸೇರಿದ 14 ದಿನಗಳೊಳಗೆ ವಿಳಾಸ ನೋಂದಾಯಿಸಲು ವಾರ್ಡ್ ಕಚೇರಿಗೆ ಹೋಗಲೇಬೇಕು. ಅಂದೇ ಆ ಕಾರ್ಡನ್ನು ತೋರಿಸಿ, ತಾಯಿ ಮಗುವಿನ ಆರೋಗ್ಯ ಪುಸ್ತಕವಾದ ‘ಬೋಶಿ ತೆಚೋ’ ಬೇಕೆಂದು ಕೇಳಿ. ಹಾಕಿದ ಲಸಿಕೆಗಳ ದಿನಾಂಕಗಳನ್ನು ವೈದ್ಯರಿಂದ ಅದರಲ್ಲಿ ಬರೆಸಿಕೊಳ್ಳಿ.